ಅಣ್ಣನ ಹೆಸರಿನಲ್ಲಿ

ತಾಯಿಝ್, ಊರೊಳಗಿನಿಂದ
9 ಅಕ್ಟೋಬರ್ 2021

ಅಲ್ಲ ಅಕ್ಕಾ, ಅದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. "ಹುದ್‌ಹುದ್ ಪಾಠ ಸಾಗಿಸುವ ಸಾಧನ, ಹರಟೆಕಟ್ಟೆ ಅಲ್ಲ" ಅಂತ ನೀವು ಫೋನಿನ ಗುಂಪಿನಲ್ಲಿ ಬರೆದಿರಿ. ನಾನು ಉದ್ದದ ಉತ್ತರ ಬರೆದು ಕಳಿಸುವಷ್ಟರಲ್ಲಿ ನೆಟ್ ಸತ್ತುಹೋಯಿತು. ಇನ್ನೂ ಎದ್ದಿಲ್ಲ. ಬಾಯಿಗೆ ಬಂದ ಜಗಳ ನುಂಗಿಕೊಂಡು ಕೂರುವ ಹುಡುಗಿ ನಾನಲ್ಲ, ಅದಕ್ಕೇ ಈ ಕಾಗದ. ನಿಮ್ಮ ತಂದೆಯ ಗಾಡಿ ಬೆಳಿಗ್ಗೆ ಹೊರಡುತ್ತದಂತೆ, ಅವರ ಕೈಯಲ್ಲೇ ಕೊಡುತ್ತೇನೆ.

ನಾನು ಯಾರು ಅಂತ ಹೇಳಲೇ ಇಲ್ಲ ಅಲ್ವಾ? ಗುಂಪಿನಲ್ಲಿ "ಮೋಡದ ಮಗಳು" ಅಂತ ಇರುವವಳು, ನಿಮ್ಮ ಪ್ರತಿ ಮಾತಿಗೂ ಎಲ್ಲರಿಗಿಂತ ಮೊದಲು ಹೃದಯ ಒತ್ತುವವಳು, ಅವಳೇ ನಾನು. ನಿಜವಾದ ಹೆಸರು ಹನಾದಿ ಅಬ್ದುಲ್‌ವಲಿ. ಪಡುವಣ ಕ್ಯಾಂಪಸ್ಸು, ಕಂಪ್ಯೂಟರ್ ವಿಭಾಗ, ಎರಡನೇ ವರ್ಷ. ನೀವೇ ಮಾಡಿದ ಹುದ್‌ಹುದ್ ಆ್ಯಪ್ಪನ್ನು ನೀವು ತೋರಿಸುವ ವೀಡಿಯೊ ಇದೆಯಲ್ಲ, ಪರದೆಯ ಮೇಲೆ ಆ ಕಿರೀಟದ ಹಕ್ಕಿ ಬೆಟ್ಟ ದಾಟುವುದು, ಅದನ್ನು ಎಷ್ಟು ಸಲ ನೋಡಿದೆ ಅಂದರೆ ಅಮ್ಮ "ಆ ಹಕ್ಕಿಗೆ ಒಂದು ಗೂಡು ಕಟ್ಟಿಕೊಡೇ" ಅಂದಳು. ನಾನು ನಿಮ್ಮ ಅಭಿಮಾನಿ. ಇದನ್ನು ಓದಿ ನಗಬೇಡಿ. ನಕ್ಕರೂ ಬರೆದು ತಿಳಿಸಬೇಡಿ.

ಈಗ ಜಗಳ. ನಮ್ಮದು ಒಂದೇ ವಿಶ್ವವಿದ್ಯಾಲಯ. ಯುದ್ಧಕ್ಕೆ ಮುಂಚೆ ಒಂದೇ ಬಸ್ಸು ಎರಡೂ ಕ್ಯಾಂಪಸ್ಸಿಗೆ ಹೋಗುತ್ತಿತ್ತಂತೆ. ಈಗ ಊರ ನಡುವೆ ಗೆರೆ ಬಿದ್ದಿದೆ, ಆ ಕಡೆ ಒಂದು ಸೈನ್ಯ, ಈ ಕಡೆ ಒಂದು. ನಮ್ಮ ತಾರಸಿಯಿಂದ ನಿಮ್ಮ ಹವ್ಬಾನಿನ ನೀರಿನ ಟ್ಯಾಂಕು ಕಾಣುತ್ತದೆ, ಆದರೆ ಅಲ್ಲಿಗೆ ಬರಬೇಕೆಂದರೆ ಬೆಟ್ಟ ಸುತ್ತಿಕೊಂಡು ಅರ್ಧ ದಿನ ಗಾಡಿಯಲ್ಲಿ ಕುಲುಕಾಡಬೇಕು. ನಮ್ಮ ಒಳ್ಳೊಳ್ಳೆ ಮೇಷ್ಟ್ರುಗಳೆಲ್ಲ ನಿಮ್ಮ ಕಡೆ ಉಳಿದುಹೋದರು. ಪಾಠ ಬೇಕು, ಅದು ಸರಿ. ಆದರೆ ಅಕ್ಕಾ, ಪಾಠ ಅರ್ಥವಾಗದೆ ಕೂತಾಗ "ನನಗೂ ಅರ್ಥವಾಗಲಿಲ್ಲ ಕಣೇ" ಅನ್ನುವ ಇನ್ನೊಬ್ಬಳು ಬೇಕಲ್ಲ? ಅವಳು ಹರಟೆಕಟ್ಟೆಯಲ್ಲೇ ಸಿಗುವುದು. ಹುದ್‌ಹುದ್‌ನಲ್ಲಿ ಒಂದು ಕಟ್ಟೆ ಇರಲಿ. ಇಲ್ಲದಿದ್ದರೆ ಅದು ಹಕ್ಕಿ ಅಲ್ಲ, ಅಂಚೆ ಕತ್ತೆ.

ಜೊತೆಗೆ ಅಮ್ಮ ಹೊಗೆಯಾಡಿಸಿದ ಚೀಸು ಕಳಿಸಿದ್ದಾಳೆ. ಜಗಳಕ್ಕೂ ಅದಕ್ಕೂ ಸಂಬಂಧವಿಲ್ಲ, ತಿನ್ನಿ.

ಉತ್ತರಕ್ಕೆ ಬಾಯಿ ಬಿಟ್ಟುಕೊಂಡು ಕಾಯುತ್ತಿರುವ,
ಹನಾದಿ


ಹವ್ಬಾನ್
17 ಅಕ್ಟೋಬರ್ 2021

ಹನಾದಿ,

ನಕ್ಕೆ. ಬರೆದು ತಿಳಿಸುತ್ತಿದ್ದೇನೆ.

ನಿನ್ನ ಕಾಗದದ ತುಂಬ ಚೀಸಿನ ವಾಸನೆ. ಅಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ, "ಇದೇನೇ ಇಷ್ಟು ದಪ್ಪ? ಮದುವೆ ಮಾತುಕತೆನಾ?" ಅಂದರು.

"ಕಂಪ್ಯೂಟರಿನ ಜಗಳ ಅಪ್ಪಾ."

"ಹಂಗಾದ್ರೆ ಇನ್ನೂ ಕೆಟ್ಟದ್ದು. ಮದುವೆ ಮಾತುಕತೆ ಒಂದಲ್ಲ ಒಂದು ದಿನ ಮುಗಿಯುತ್ತೆ."

ಊರಲ್ಲಿ ಎಲ್ಲರಿಗೂ ಅವರು ಹಾಜ್ ಮುಕ್ಬಿಲ್. ಆ ಬೆಟ್ಟದ ದಾರಿಯಲ್ಲಿ ರೋಗಿಗಳನ್ನು, ಮದುಮಕ್ಕಳನ್ನು, ಔಷಧಿಯನ್ನು, ಒಮ್ಮೆ ಒಂದು ಹೆಣವನ್ನೂ ಸಾಗಿಸಿದ್ದಾರೆ. ಈಗ ಹುದ್‌ಹುದ್‌ನ ರೆಕ್ಕೆಯೂ ಅವರೇ.

ಅದು ಹೇಗೆ ನಡೆಯುತ್ತದೆ ಅಂತ ನಿನ್ನ ಗೆಳತಿಯರಿಗೆ ಹೇಳು. ನೀವು ಫೋನಿನಲ್ಲಿ ಬರೆದದ್ದು, ಕೇಳಿದ್ದು ಎಲ್ಲ ಸೇರಿ ಒಂದು ಗಂಟಾಗುತ್ತದೆ. ನಿಮ್ಮ ಗೇಟಿನ ಮುಂದೆ ಅಪ್ಪ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಾಗ ಹತ್ತಿರ ನಿಂತವರ ಫೋನಿನಿಂದ ಆ ಗಂಟು ಅವರ ಫೋನಿಗೆ ಹಾರುತ್ತದೆ. ನೆಟ್ ಬೇಡ. ಇಲ್ಲಿ ನಮ್ಮ ಗೇಟಿಗೆ ಬಂದ ಕೂಡಲೇ ಬಿಚ್ಚಿಕೊಂಡು ಒಂದು ಫೋನಿನಿಂದ ಇನ್ನೊಂದಕ್ಕೆ ಹರಡುತ್ತದೆ. ಇಲ್ಲಿಂದ ಅಲ್ಲಿಗೂ ಹಾಗೆಯೇ.

ಗಂಟಿಗೆ ನಾನು ಬೀಗ ಹಾಕಿಲ್ಲ. ಬೇಕೆಂದೇ ಹಾಕಿಲ್ಲ. ಚೆಕ್‌ಪೋಸ್ಟಿನಲ್ಲಿ ಅಪ್ಪನ ಫೋನು ನೋಡುತ್ತಾರೆ. ಬೀಗ ಕಂಡರೆ ಅನುಮಾನ. ತೆರೆದಿದ್ದರೆ ನಾಲ್ಕು ಪಾಠ, ಹತ್ತು ಪ್ರಶ್ನೆ ನೋಡಿ ಆಕಳಿಸಿ ಬಿಟ್ಟುಬಿಡುತ್ತಾರೆ. ಆ ಆಕಳಿಕೆಯೇ ನಮ್ಮ ರಹದಾರಿ.

ನಿನ್ನ ಕಟ್ಟೆಯನ್ನು ಮಾಡುತ್ತಿದ್ದೇನೆ. ಅಂಚೆ ಕತ್ತೆ ಅಂದದ್ದು ಚುಚ್ಚಿತು. "ನೀವು" ಅನ್ನುವುದನ್ನು ಬಿಡು, ನಾನೇನು ಅಜ್ಜಿಯಲ್ಲ, ಕೊನೇ ವರ್ಷದವಳು.

ಅಫ್ರಾಹ್


ತಾಯಿಝ್
2 ನವೆಂಬರ್ 2021

ಅಫ್ರಾಹಕ್ಕಾ! ನೀನು ಅಂತ ಕರೆಯಲು ಒಂದು ಇಡೀ ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ನೀನು, ನೀನು, ನೀನು. ಆಯಿತು, ರೂಢಿಯಾಯಿತು.

ಒಳ್ಳೆಯ ಸುದ್ದಿ: ಕಟ್ಟೆ ಬಹಳ ಚೆನ್ನಾಗಿದೆ. ಕೆಟ್ಟ ಸುದ್ದಿ: ಕಟ್ಟೆಯ ಮೇಲೆ ಬರೀ ಹುಡುಗರು ಕೂತಿದ್ದಾರೆ. ನಿನ್ನೆ ಹುಡುಗಿಯರ ಕೋಣೆಯಲ್ಲಿ ಎಲ್ಲರ ಫೋನಿಗೂ ಹಕ್ಕಿಯನ್ನು ಹಾಕಿಕೊಟ್ಟೆ. "ಹೆಸರು ಬರೆಯಿರಿ" ಅನ್ನುವ ಜಾಗಕ್ಕೆ ಬಂದದ್ದೇ ತಡ, ಎಲ್ಲರ ಬೆರಳೂ ನಿಂತುಹೋಯಿತು. ಇಂತಿಸಾರ್ ಗೊತ್ತಲ್ಲ, ಗೊತ್ತಿರಲಿಕ್ಕಿಲ್ಲ, ನಾಲಗೆಯಿಂದಲೇ ಟೊಮೇಟೊ ಹೆಚ್ಚುವವಳು, ಅವಳು ಶುರುಮಾಡಿದಳು.

"ನನ್ನ ಹೆಸರು ಆ ಕಡೆ ಗಂಡಸರ ಫೋನಲ್ಲೆಲ್ಲ ಓಡಾಡ್ಬೇಕಾ? ಗೊತ್ತಾದ್ರೆ ನಮ್ಮಣ್ಣ ಫೋನ್ ಒಡೆಯಲ್ಲ ಕಣೇ, ನನ್ನ ತಲೆ ಒಡೀತಾನೆ."

"ಸರಿ, ಅಡ್ಡಹೆಸರು ಹಾಕ್ಕೊ."

"ಅಡ್ಡಹೆಸರಿನ ಹಿಂದೆ ಮೀಸೆ ಇರುತ್ತೆ. ಹೋದ ವರ್ಷ ಗುಂಪಲ್ಲಿ 'ಬೆಳದಿಂಗಳು' ಅಂತ ಒಬ್ಬಳಿದ್ದಳಲ್ಲ, ನಮ್ಮ ಗುಟ್ಟೆಲ್ಲ ಕೇಳ್ಕೊಂಡು ಅತ್ತಳಲ್ಲ, ಕೊನೆಗೆ ಯಾರು ಅವಳು? ಬ್ರೆಡ್ ಅಂಗಡಿಯವನು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕು, ಫೋನು ಚೀಲಕ್ಕೆ ಹಾಕಿಕೊಂಡು ಎದ್ದುಹೋದರು. ನಾನು ಒಬ್ಬಳೇ ಉಳಿದೆ. ಅಕ್ಕಾ, ಹಾಸ್ಯ ಮಾಡುತ್ತಿಲ್ಲ, ಅತ್ತೆ.

ಆದರೆ ರಾತ್ರಿ ಊಟಕ್ಕೆ ರೊಟ್ಟಿ ಮುರಿಯುವಾಗ ಹೊಳೆಯಿತು. ಕೇಳು. ನಮ್ಮ ಸಿಮ್ ಯಾರ ಹೆಸರಿನಲ್ಲಿದೆ? ಅಣ್ಣನದು, ಅಪ್ಪನದು. ಮಾರುಕಟ್ಟೆಯಲ್ಲಿ ಯಾರಾದರೂ ಕೇಳಿದರೆ ನಾವು ಏನು ಹೇಳುತ್ತೇವೆ? ಇಂಥವನ ತಂಗಿ ಅನ್ನುತ್ತೇವೆ. ಹಾಗಾದರೆ ಕಟ್ಟೆಯ ಮೇಲೂ ಅಣ್ಣಂದಿರ ಹೆಸರಿನಲ್ಲೇ ಕೂರೋಣ! ಹುಡುಗಿಯರಿಗೆ ಹುಡುಗಿಯರು ಗೊತ್ತಾಗುತ್ತಾರೆ, ಯಾರ ತಂಗಿ ಯಾರು ಅಂತ ನಮಗೆ ತಿಳಿದೇ ಇರುತ್ತದೆ. ಹುಡುಗರಿಗೆ ತಿಳಿಯುವುದಿಲ್ಲ. ಯಾರ ತಲೆಯೂ ಒಡೆಯುವುದಿಲ್ಲ. ಇಂತಿಸಾರಳಿಗೆ ಹೇಳಿದೆ, "ಇಷ್ಟು ಬುದ್ಧಿ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?" ಅಂದಳು.

ನಾನು ಗಮ್ದಾನ್ ಆಗುತ್ತೇನೆ. ನಮ್ಮಣ್ಣ. ನಿನಗೆ ಅವನ ವಿಷಯ ಹೇಳಿಲ್ಲ. ನಾಲ್ಕು ವರ್ಷದ ಹಿಂದೆ ಮೂಡಣ ಬೆಟ್ಟದಲ್ಲಿ, ನಿಮ್ಮ ಕಡೆಯವರ ಎದುರು ಕಾದಾಡುತ್ತಾ ಹೋದ. (ನಿಮ್ಮ ಕಡೆ ಅಂದರೆ ನೀನಲ್ಲ. ನಿನಗೆ ಗೊತ್ತು.) ಈ ಸಿಮ್ ಅವನದೇ. ಅವನ ಹೆಸರು ಮತ್ತೆ ಒಂದು ಪರದೆಯ ಮೇಲೆ ಮಿನುಗುತ್ತದೆ, ಯಾರೋ ಅವನಿಗೆ "ಹೇಗಿದ್ದೀಯ" ಅನ್ನುತ್ತಾರೆ ಅಂತ ಹೇಳಿದ್ದಕ್ಕೆ ಅಮ್ಮ ಫೋನು ತೆಗೆದುಕೊಂಡು ಪರದೆಯನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ಬೇಗ ಹೂಂ ಅನ್ನು.

ನಿನ್ನ ಹನಾದಿ


ಹವ್ಬಾನ್
11 ನವೆಂಬರ್ 2021

ಹನಾದಿ,

ನಿನ್ನ ಅಣ್ಣನ ವಿಷಯ ಓದಿ ಪೆನ್ನು ಕೆಳಗಿಟ್ಟೆ. ಅವನ ಆತ್ಮಕ್ಕೆ ಶಾಂತಿ ಸಿಗಲಿ.

ನಿನ್ನ ಉಪಾಯ ಬುದ್ಧಿವಂತಿಕೆಯದು. ಆದರೆ ನನಗೆ ಒಂದು ಅಳುಕಿದೆ. ಗಂಡಸರ ಹೆಸರು ಗೆರೆ ದಾಟುವುದು ಬೇರೆ ವಿಷಯ. ಹುಡುಗಿಯ ಹೆಸರಿಗೆ ಮನೆಯಲ್ಲಿ ಜಗಳವಾಗುತ್ತದೆ, ಗಂಡಸಿನ ಹೆಸರಿಗೆ ಚೆಕ್‌ಪೋಸ್ಟಿನಲ್ಲಿ. ಗಂಟು ತೆರೆದೇ ಇರುತ್ತದೆ, ಮರೆಯಬೇಡ.

ಇಷ್ಟು ಬರೆದು ಎರಡು ದಿನ ಕಾಗದವನ್ನು ಹಾಗೇ ಇಟ್ಟಿದ್ದೆ. ಅಷ್ಟರಲ್ಲಿ ನಿನ್ನ ಇಂತಿಸಾರ್ ಇಲ್ಲಿಯ ತನ್ನ ಚಿಕ್ಕಪ್ಪನ ಮಗಳಿಗೆ ಸುದ್ದಿ ಮುಟ್ಟಿಸಿದ್ದಾಳೆ. ಇಲ್ಲಿಯ ಹುಡುಗಿಯರು ನನ್ನನ್ನು ಕೇಳದೆಯೇ ಅಣ್ಣಂದಿರಾಗಿ ಕೂತಿದ್ದಾರೆ. ನಿನ್ನೆ ಬೆಳಿಗ್ಗೆ ಕಟ್ಟೆ ನೋಡಿದೆ, ತುಂಬಿ ತುಳುಕುತ್ತಿತ್ತು. ಒಬ್ಬ "ಅಬ್ದುಲ್‌ಬಾರಿ" ಇನ್ನೊಬ್ಬ "ಶೌಕಿ"ಗೆ, ಗೋರಂಟಿ ಕೈಗೆ ಕಪ್ಪಾಗಿ ಹತ್ತಬೇಕಾದರೆ ಏನು ಬೆರೆಸಬೇಕು ಅಂತ ಕೇಳುತ್ತಿದ್ದಾನೆ. ನಾನು ಒಬ್ಬಳೇ ಕೂತು ನಕ್ಕಿದ್ದೇ ನಕ್ಕಿದ್ದು.

ಅವರನ್ನು ಈಗ ಎಬ್ಬಿಸಿ ಕಳಿಸಲೇ? ಮುಂದಿನ ತಿಂಗಳು ವಿಭಾಗದ ಮುಖ್ಯಸ್ಥರು ಹುದ್‌ಹುದ್ ನೋಡಲು ಬರುತ್ತಾರೆ. ಹುಡುಗಿಯರಿಲ್ಲದ ಕಟ್ಟೆಯನ್ನು ಅವರಿಗೆ ತೋರಿಸುವ ಮನಸ್ಸೂ ಇಲ್ಲ.

ಸರಿ. ಹೂಂ.

ಅಪ್ಪನಿಗೆ ಹೇಳಿದೆ. "ಹುಡುಗೀರೆಲ್ಲ ಗಂಡಸರಾದ್ರೆ ನಾವೇನು ಮಾಡೋಣ, ರೊಟ್ಟಿ ಸುಡೋಣವಾ?" ಅಂದರು.

ಅಫ್ರಾಹ್


ತಾಯಿಝ್
5 ಡಿಸೆಂಬರ್ 2021

ಅಕ್ಕಾ ಅಕ್ಕಾ ಅಕ್ಕಾ,

ಮುಖ್ಯಸ್ಥರು ಏನಂದರು? ಎದ್ದು ನಿಂತು ಚಪ್ಪಾಳೆ ತಟ್ಟಿದರಾ? ನೀನು ಹೇಳುವುದಕ್ಕೆ ಮೊದಲೇ ಇಲ್ಲಿಯ ಸಮಾಚಾರ ಹೇಳಿಬಿಡುತ್ತೇನೆ, ನನಗೆ ತಡೆಯಲಾಗುತ್ತಿಲ್ಲ.

ಇಂತಿಸಾರಳ ಯೋಜನಾ ವರದಿ ನೋಡಬೇಕಾದ ಮೇಷ್ಟ್ರು ನಿಮ್ಮ ಕಡೆ ಇದ್ದರಲ್ಲ, ಅವರು ಅವಳಿಗೆ, ಅಂದರೆ ಅವಳ ಅಣ್ಣನಿಗೆ, ತಮ್ಮ ದನಿಯಲ್ಲೇ ತಿದ್ದುಪಡಿ ಹೇಳಿ ಕಳಿಸಿದ್ದಾರೆ. "ಮಗನೇ, ನಿನ್ನ ಮೂರನೇ ಅಧ್ಯಾಯ ನೀರು ಬಿಟ್ಟ ಸಾರು" ಅಂತ ಶುರುವಾಗುತ್ತದೆ. ನಾವೆಲ್ಲ ಒಂದೇ ಫೋನಿಗೆ ಕಿವಿ ಕೊಟ್ಟು ಕೂತು ಕೇಳಿದೆವು. ಬೈಗುಳ ಕೇಳಿ ಯಾರಾದರೂ ಖುಷಿಯಿಂದ ಅಳುವುದನ್ನು ನೀನು ನೋಡಿದ್ದೀಯಾ?

ನಾನೂ ಜೋರಾಗಿದ್ದೇನೆ. ಗಂಟು ಕಟ್ಟಿ ಗೇಟಿಗೆ ಮುಟ್ಟಿಸುವ ಕೆಲಸ ನನ್ನದೇ. ದಿನವೂ ಆ ಕಡೆಯ ಎಲ್ಲರಿಗೂ ಗಮ್ದಾನನ ಹೆಸರಿನಲ್ಲಿ ಅಪ್ಪಣೆ ಹೋಗುತ್ತದೆ: "ನಾಳೆ ಎರಡು ಗಂಟು ಬರುತ್ತವೆ. ದೊಡ್ಡದನ್ನು ಮೊದಲು ಬಿಚ್ಚಿ. ಯಾರೂ ಜಾಗ ಬಿಟ್ಟು ಕದಲಬೇಡಿ." ಸೇನಾಪತಿಯ ಗತ್ತು ನೋಡು ನನ್ನದು! ಅಣ್ಣ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ.

ಮೊನ್ನೆ ನಿನ್ನ ಅಪ್ಪ ಮನೆ ಬಾಗಿಲಿಗೇ ಬಂದಿದ್ದರು, ಚೀಸು ಒಯ್ಯಲು. ಅಮ್ಮ ಬಾಗಿಲ ಹಿಂದೆ ನಿಂತು ಕೇಳಿದಳು.

"ಹಾಜ್ ಮುಕ್ಬಿಲ್, ನನ್ನ ಮಗ ನಿಮ್ಮ ಜೇಬಲ್ಲಿ ಕೂತು ಹವ್ಬಾನಿಗೆ ಹೋಗಿಬರ್ತಾನಂತೆ?"

"ಹೂಂ ಗಮ್ದಾನನ ತಾಯಿ, ದಿನಾ ಬರ್ತಾನೆ. ಒಂದು ದಿನಾನೂ ಬಾಡಿಗೆ ಕೊಡಲ್ಲ."

"ಚೀಸು ತಗೊಂಡು ಹೋಗ್ತಿದೀರಲ್ಲ."

"ಅದು ಅವನು ತಿನ್ನೋ ಚಹಾ ಬಿಸ್ಕತ್ತಿಗೇ ಸರಿಹೋಯ್ತು."

ಅಮ್ಮ ನಕ್ಕಳು, ಅಕ್ಕಾ. ಗಮ್ದಾನನ ಹೆಸರು ಕೇಳಿ ಅಮ್ಮ ನಕ್ಕದ್ದು ಇದೇ ಮೊದಲು. ಅವರು ಹೋಗುವಾಗ ನನ್ನ ಕಡೆ ತಿರುಗಿ, ಮುಸುಕಿನೊಳಗೆ ನಾನೂ ನಗುತ್ತಿದ್ದೇನೆ ಅಂತ ಗೊತ್ತಾದವರ ಹಾಗೆ, "ಏನಪ್ಪಾ ಗಮ್ದಾನ್, ನಾಳೆ ಸಿಗೋಣ" ಅಂದರು.

ನಾನು ಜನ್ಮದಲ್ಲಿ ಇಷ್ಟು ಸಂತೋಷವಾಗಿ ಯಾವತ್ತೂ ಇರಲಿಲ್ಲ. ಇದಕ್ಕೆ ಉತ್ತರ ಬೇಡ. ಸುಮ್ಮನೆ ಓದಿಕೊ.

ನಿನ್ನ ಸೇನಾಪತಿ,
ಹನಾದಿ


ತಾಯಿಝ್
20 ಡಿಸೆಂಬರ್ 2021

ಅಕ್ಕಾ,

ಈ ವಾರವೆಲ್ಲ ಗಂಟು ಬಂದಿಲ್ಲ. ಗೇಟಿನ ಹತ್ತಿರ ಹೋಗಿ ಹೋಗಿ ನಿಲ್ಲುತ್ತಿದ್ದೇನೆ. ಹಾಜ್ ಅವರ ಬಿಳಿ ಗಾಡಿ ಕಾಣಲಿಲ್ಲ. ಗಾಡಿ ಕೆಟ್ಟಿದೆಯಾ? ಜ್ವರವಾ? ಬೇರೆ ಚಾಲಕರನ್ನು ಕೇಳಿದರೆ ಟೈರು ನೋಡುತ್ತಾ ನಿಲ್ಲುತ್ತಾರೆ. ಒಬ್ಬರು "ನೀನು ಮನೆಗೆ ಹೋಗಮ್ಮಾ" ಅಂದರು.

ಒಂದು ಸಾಲು ಬರೆ. ಬೇರೇನೂ ಬೇಡ.

ಹನಾದಿ


ಹವ್ಬಾನ್
2 ಜನವರಿ 2022

ಹನಾದಿ,

ಅಪ್ಪನನ್ನು ಚೆಕ್‌ಪೋಸ್ಟಿನಲ್ಲಿ ಇಳಿಸಿಕೊಂಡರು. ನಮ್ಮ ಕಡೆಯ ಚೆಕ್‌ಪೋಸ್ಟು. ಈಗ ಎಲ್ಲಿದ್ದಾರೆ ಅಂತ ಯಾರೂ ಹೇಳುವುದಿಲ್ಲ. ಅಮ್ಮ ಬಟ್ಟೆ, ಮಾತ್ರೆ ಹಿಡಿದುಕೊಂಡು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಲೆಯುತ್ತಿದ್ದಾಳೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ನಿನಗೆ ಹೇಳಿರಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಮನೆಗೆ ಬಂದು ಹೇಳಿ ಹೋದಳು. ಎಂದಿನ ಹಾಗೆ ಫೋನು ನೋಡಿದರಂತೆ. ಅಲ್ಲಿ ಹೊಸಬನೊಬ್ಬನಿದ್ದನಂತೆ, ಅವನು ಆಕಳಿಸಲಿಲ್ಲ. ಓದಿದ.

"ಈ ಗಮ್ದಾನ್ ಅಬ್ದುಲ್‌ವಲಿ ಯಾರು?"

"ಓದೋ ಮಕ್ಕಳಪ್ಪಾ, ಪಾಠದ್ದು."

"ಪಾಠದ್ದಾ? ಇವನು ನಮ್ಮ ಪಟ್ಟಿಯಲ್ಲಿದಾನೆ. ಬೆಟ್ಟದ ಮೇಲಿಂದ ನಮ್ಮೋರಿಗೆ ಗುಂಡು ಹೊಡೆದವನು."

"ಅವನು ಸತ್ತು ವರ್ಷಗಳಾದ್ವು."

"ಸತ್ತವನು ನಾಳೆ ಎರಡು ಗಂಟು ಬರುತ್ತೆ, ಯಾರೂ ಕದಲಬೇಡಿ ಅಂತ ಬರೀತಾನಾ? ಇದನ್ನ ಬರೆದೋರು ಯಾರು, ಹೇಳು."

ಅಪ್ಪ ಸುಮ್ಮನಾದರಂತೆ. ಮತ್ತೆ ಕೇಳಿದಾಗಲೂ ಸುಮ್ಮನಿದ್ದರಂತೆ. ಆಮೇಲೆ ಇನ್ನಷ್ಟು ಹೆಸರು ಓದಿದರಂತೆ, ಶೌಕಿ, ಅಬ್ದುಲ್‌ಬಾರಿ, ಎಲ್ಲ. ಆ ಹೆಂಗಸು ಮುಂದೆ ಹೇಳಲಿಲ್ಲ. ಅಮ್ಮ ಇದ್ದಳು.

ನಾನು ಚೆಕ್‌ಪೋಸ್ಟಿಗೆ ಹೋದೆ. ಅವೆಲ್ಲ ಹುಡುಗಿಯರು, ಇದು ನಾನು ಮಾಡಿದ ಸಾಧನ ಅಂದೆ. "ಹೋಗಮ್ಮಾ, ಅಪ್ಪನನ್ನ ಬಿಡಿಸೋಕೆ ಮಕ್ಕಳು ಏನು ಬೇಕಾದ್ರೂ ಹೇಳ್ತಾರೆ" ಅಂದರು. ಹುದ್‌ಹುದ್ ತೆರೆದು ತೋರಿಸಿದೆ. ಫೋನು ಕಿತ್ತುಕೊಂಡರು.

ಕಂಪ್ಯೂಟರಿನಿಂದಲೂ ಹುದ್‌ಹುದ್ ಅಳಿಸಿದ್ದೇನೆ. ಎಲ್ಲರಿಗೂ ಅಳಿಸಲು ಹೇಳು. ನೀನೂ.

ನೀನು ಹೇಳಿದೆ. ನಾನು ಹೂಂ ಅಂದೆ.

ಅಫ್ರಾಹ್


ತಾಯಿಝ್
13 ಫೆಬ್ರವರಿ 2022

ಅಫ್ರಾಹಕ್ಕಾ,

ಇದು ನಾನು ಕಳಿಸುತ್ತಿರುವ ಎಷ್ಟನೆಯ ಕಾಗದವೋ. ಹಾಲಿನ ಪುಡಿಯ ಲಾರಿಯವನ ಕೈಯಲ್ಲಿ ಒಂದು, ಮದುವೆ ದಿಬ್ಬಣದವರ ಕೈಯಲ್ಲಿ ಒಂದು. ತಲುಪಿದವಾ? ಪರದೆಯಾಗಿದ್ದರೆ ಓದಿದ ಗುರುತಾದರೂ ಬೀಳುತ್ತಿತ್ತು. ಕಾಗದಕ್ಕೆ ಅದೂ ಇಲ್ಲ.

ನಾನು ಅಲ್ಲಿಗೇ ಬರಲು ಹೊರಟಿದ್ದೆ. ನಾನೇ ಗಮ್ದಾನ್, ಬರೆದವಳು ನಾನು, ನನ್ನ ಕೈಬೆರಳು ನೋಡಿ, ನನ್ನನ್ನು ಹಿಡಿದುಕೊಂಡು ಅವರನ್ನು ಬಿಡಿ ಅಂತ ಹೇಳಲು. ಗಾಡಿ ಹತ್ತಿ ಕೂತೂ ಆಯಿತು.

"ಜೊತೆಗೆ ಗಂಡಸು ಯಾರಮ್ಮಾ?" ಅಂದ ಚಾಲಕ.

"ಯಾರೂ ಇಲ್ಲ."

"ಒಬ್ಬಳೇ ಹುಡುಗೀನ ಅಲ್ಲಿ ದಾಟಿಸಲ್ಲ. ನಿನ್ನನ್ನೂ ಇಳಿಸ್ತಾರೆ, ನನ್ನನ್ನೂ. ಅಣ್ಣ ತಮ್ಮ ಇಲ್ವಾ ನಿಂಗೆ?"

ಇಳಿದೆ. ಗಾಡಿಯ ಧೂಳು ಪೂರ್ತಿ ಅಡಗುವ ತನಕ ಅಲ್ಲೇ ನಿಂತಿದ್ದೆ. ಮನೆಗೆ ಬಂದರೆ ಅಮ್ಮ ಬಾಗಿಲಿಗೆ ಅಡ್ಡ ಕೂತಿದ್ದಳು. ಯಾರು ಹೇಳಿದರೋ ಏನೋ. "ಆ ಬೆಟ್ಟಕ್ಕೆ ಒಬ್ಬನ್ನ ಕೊಟ್ಟಾಗಿದೆ" ಅಂದಳು. ಅಷ್ಟೇ. ಆಮೇಲೆ ಸಿಮ್ ಕೇಳಿದಳು. ಕೊಟ್ಟೆ. ಎಲ್ಲಿ ಇಟ್ಟಳೋ ಗೊತ್ತಿಲ್ಲ.

ಇಂತಿಸಾರ್ ಕಾಲೇಜು ಬಿಟ್ಟಳು. ಹುಡುಗಿಯರ ಕೋಣೆಯಲ್ಲಿ ನಾನು ಹೋಗಿ ಕೂತರೆ ಮಾತು ನಿಲ್ಲುತ್ತದೆ. ಅವರ ಅಣ್ಣಂದಿರು ಈಗ ಆ ಕಡೆಗೆ ಯಾವ ಕಾಲಕ್ಕೂ ಹೋಗುವ ಹಾಗಿಲ್ಲ, ಹೆಸರುಗಳೆಲ್ಲ ಅಲ್ಲಿ ಸಿಕ್ಕಿಕೊಂಡಿವೆಯಲ್ಲ. ಒಬ್ಬಳ ಮದುವೆ ಹವ್ಬಾನಿಗೆ ಗೊತ್ತಾಗಿತ್ತು, ಮುರಿಯಿತು.

ನನಗೆ ಬೈಯಿ ಅಕ್ಕಾ. ನೀರು ಬಿಟ್ಟ ಸಾರು ಅಂತಾದರೂ ಬೈಯಿ. ಹೀಗೆ ಸುಮ್ಮನಿರಬೇಡ.

ಹನಾದಿ


ಹವ್ಬಾನ್
21 ನವೆಂಬರ್ 2023

ಹನಾದಿ ಅವರಿಗೆ,

ನಿಮ್ಮ ಕಾಗದಗಳು ತಲುಪಿವೆ. ಎಲ್ಲವನ್ನೂ ಓದಿದ್ದೇನೆ.

ಅಪ್ಪ ಬಂದಿದ್ದಾರೆ. ನಿಮ್ಮ ಕಡೆಯ ಮನುಷ್ಯ ಅಂತ ಲೆಕ್ಕ ಹಾಕಿ ಕೈದಿಗಳ ಅದಲುಬದಲಿನಲ್ಲಿ ಬಿಟ್ಟರು. ಒಂದು ಪಾದ ತೆಗೆದಿದ್ದಾರೆ, ಒಳಗೆ ಮಾತ್ರೆ ಸಿಗದೆ ಕೊಳೆತಿತ್ತಂತೆ. ಕಿವಿ ಸರಿಯಾಗಿ ಕೇಳುವುದಿಲ್ಲ. ಆ ಕಿವಿಗೆ ಏನಾಯಿತು ಅಂತ ನಾವು ಕೇಳುವುದಿಲ್ಲ. ನೆನಪೂ ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಇಲ್ಲ.

ನೆನಪು ನೆಟ್ಟಗಿದ್ದ ಒಂದು ದಿನ ಕೇಳಿದೆ. ಅದನ್ನು ಬರೆದದ್ದು ಒಬ್ಬ ಹುಡುಗಿ, ಇಂಥ ಹುಡುಗಿ, ಇಂಥ ಮನೆಯವಳು ಅಂತ ನಿಮಗೆ ಗೊತ್ತಿತ್ತಲ್ಲ ಅಪ್ಪಾ. ಆ ಮಾತು ಹೇಳಿದ್ದರೆ ಅವರೇ ವಿಚಾರಿಸಿ ಅವತ್ತೇ ನಗುತ್ತಾ ಬಿಡುತ್ತಿದ್ದರೇನೋ. ಯಾಕೆ ಹೇಳಲಿಲ್ಲ?

ನಾನು ಏನೋ ಹೊಲಸು ಮಾತಾಡಿದೆ ಅನ್ನುವ ಹಾಗೆ ನನ್ನನ್ನು ನೋಡಿದರು.

"ಚೆಕ್‌ಪೋಸ್ಟಲ್ಲಿ, ಅಷ್ಟು ಗಂಡಸರ ಮುಂದೆ, ಒಬ್ಬರ ಮನೆ ಹೆಣ್ಣುಮಗಳ ಹೆಸರು ಬಾಯಲ್ಲಿ ತರೋದಾ? ಐಬು ಕಣೇ. ಅವರ ಮನೆ ಚೀಸು ತಿಂದಿದೀನಿ."

ಇಷ್ಟನ್ನು ನಿಮಗೆ ತಿಳಿಸಬೇಕಿತ್ತು. ನಾನೊಬ್ಬಳೇ ಇದನ್ನು ಹೊತ್ತುಕೊಂಡು ಇರಲಾರೆ.

ಇನ್ನು ಬರೆಯಬೇಡಿ.

ಅಫ್ರಾಹ್ ಮುಕ್ಬಿಲ್


ತಾಯಿಝ್
19 ಜೂನ್ 2024

ಅಫ್ರಾಹ್ ಅವರೇ,

ಬರೆಯಬೇಡಿ ಅಂದಿದ್ದಿರಿ. ಇಷ್ಟು ತಿಂಗಳು ಬರೆದಿಲ್ಲ. ಇದನ್ನೂ ಬರೆಯುತ್ತಿರಲಿಲ್ಲ, ಆದರೆ ನಿಮ್ಮ ಮನೆಯ ಬಾಗಿಲ ತನಕ ಬಂದು ವಾಪಸು ಹೋದ ಹುಡುಗಿ ಯಾರು ಅಂತ ನಿಮಗೆ ತಿಳಿಯದೆ ಉಳಿಯಬಾರದು.

ದಾರಿ ತೆರೆದದ್ದು ನಿಮಗೂ ಗೊತ್ತು. ಹಬ್ಬಕ್ಕೆ ಮೊದಲೇ ಮಣ್ಣಿನ ದಿಬ್ಬ ಸರಿಸಿದರು. ಮೊದಲ ದಿನ ಜನ ಹೇಗೆ ಓಡಿದರು! ಒಬ್ಬಳು ಮುದುಕಿ ಗೆರೆ ಇದ್ದ ಜಾಗದಲ್ಲಿ ನಿಂತು ಈ ಕಡೆ ಒಂದು ಕಾಲು, ಆ ಕಡೆ ಒಂದು ಕಾಲು ಇಟ್ಟು "ಈಗ ನಾನು ಯಾರ ಕಡೆ ಹೇಳ್ರೋ" ಅಂತ ಸೈನಿಕರನ್ನು ಕೇಳುತ್ತಿದ್ದಳಂತೆ. ನಮ್ಮ ಬೀದಿಯಲ್ಲಿ ಎಲ್ಲರೂ ಹಬ್ಬಕ್ಕೆ ನೆಂಟರ ಮನೆಗೆ ಹೊರಟರು. ನಾನೂ ಅಮ್ಮನಿಗೆ ಹೇಳಿದೆ. ಈ ಸಲ ಅವಳು ಬಾಗಿಲಿಗೆ ಅಡ್ಡ ಕೂರಲಿಲ್ಲ. ಚೀಸು ಕಟ್ಟಿಕೊಟ್ಟಳು. ನಾನು ಅದನ್ನು ದಾರಿಯಲ್ಲಿ ಒಬ್ಬರಿಗೆ ಕೊಟ್ಟುಬಿಟ್ಟೆ. ನಿಮ್ಮ ಮನೆಗೆ ಚೀಸು ತರುವ ಮುಖ ನನಗಿರಲಿಲ್ಲ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಿಳಿ ಗಾಡಿ ಹೊರಗೇ ನಿಂತಿದೆ. ಚಕ್ರಗಳಿಲ್ಲ. ಹಾಜ್ ಮುಕ್ಬಿಲ್ ಅದರ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೊಸ ಅಂಗಿ. ಊರುಗೋಲು ತೊಡೆಯ ಮೇಲೆ. ಎಷ್ಟು ಚಿಕ್ಕವರಾಗಿಬಿಟ್ಟಿದ್ದಾರೆ.

"ಹಬ್ಬ ಒಳ್ಳೇದಾಗ್ಲಿ ಹಾಜ್."

ಕೇಳಿಸಲಿಲ್ಲ. ಹತ್ತಿರ ಹೋಗಿ ಜೋರಾಗಿ ಹೇಳಿದೆ. ಒಂದು ಕಿವಿಯನ್ನು ಮುಂದೆ ತಂದರು.

"ನಿಂಗೂ ಆಗ್ಲಿ ಮಗಳೇ. ಯಾರ ಮನೆಯವಳು ನೀನು?"

ಎಷ್ಟು ಸಾದಾ ಪ್ರಶ್ನೆ. ಹುಟ್ಟಿದಾಗಿನಿಂದ ಸಾವಿರ ಸಲ ಕೇಳಿಸಿಕೊಂಡಿದ್ದೇನೆ, ಸಾವಿರ ಸಲ ಒಂದೇ ಉತ್ತರ ಕೊಟ್ಟಿದ್ದೇನೆ. ಆ ಉತ್ತರ ನಾಲಗೆಯ ತುದಿಗೆ ಬಂತು. ಗಮ್ದಾನನ ತಂಗಿ. ಆ ಹೆಸರು ಆ ಕಿವಿಗೆ ಮತ್ತೆ ಹೋಗಬೇಕಾ? ಸೆರೆಯಲ್ಲಿ ಯಾರು ಯಾರು, ಹೇಗೆಲ್ಲ ಆ ಹೆಸರನ್ನು ಅವರಿಗೆ ಕೇಳಿಸಿರಬಹುದು ಅಂತ ನೆನೆದು ಅದನ್ನು ನುಂಗಿಕೊಂಡೆ. ಹಾಗಾದರೆ ಹನಾದಿ ಅನ್ನಲಾ? ನಡುಬೀದಿಯಲ್ಲಿ, ಅಕ್ಕಪಕ್ಕದ ಗಂಡಸರೆಲ್ಲ ಕೂತಿರುವಾಗ, ಅವರು ಕಾಲು ಕೊಟ್ಟು ಕಾಪಾಡಿದ ಹೆಸರನ್ನು ನಾನೇ ಕೂಗಿ ಹೇಳಲಾ?

"ಯಾರೂ ಅಲ್ಲ ಹಾಜ್. ದಾರಿ ತಪ್ಪಿದೆ."

"ದಾರಿ ಮುಚ್ಚಿದ್ದಾಗ ಯಾರೂ ತಪ್ಪಲಿಲ್ಲ, ತೆಗೆದ ಮೇಲೆ ಎಲ್ರೂ ತಪ್ತಾರೆ!" ನಕ್ಕರು. ಅದೇ ನಗು. ಅದೊಂದನ್ನು ಸೆರೆಯಲ್ಲಿಟ್ಟವರೂ ಕಿತ್ತುಕೊಂಡಿಲ್ಲ. ಆಮೇಲೆ ಒಳಕ್ಕೆ ತಿರುಗಿ, "ಮನೆಯವರೇ, ಯಾರೋ ಮಗು ದಣಿದು ಬಂದಿದೆ, ನೀರು ತನ್ನಿ" ಅಂತ ಕೂಗಿದರು. ಬೀದಿಗೆ ಕೇಳುವ ಹಾಗೆ ನಿಮ್ಮ ಹೆಸರು ಹಿಡಿದು ಅವರು ಈಗಲೂ ಕರೆಯುವುದಿಲ್ಲ.

ಒಳಗೆ ಚಪ್ಪಲಿಯ ಸದ್ದಾಯಿತು. ನೀವು ಬರುತ್ತಿದ್ದಿರಿ. ಆ ವೀಡಿಯೊದಲ್ಲಿ ಕಂಡದ್ದು ನಿಮ್ಮ ಕೈಗಳಷ್ಟೇ. ನಿಮ್ಮನ್ನು ನಾನು ಇವತ್ತಿಗೂ ಒಮ್ಮೆಯೂ ನೋಡಿಲ್ಲ. ನೋಡುವುದಕ್ಕೆ ಇನ್ನೊಂದೇ ಗಳಿಗೆ ಅಲ್ಲಿ ನಿಂತಿದ್ದರೆ ಸಾಕಿತ್ತು. ನಾನು ಓಡಿದೆ. ಹಿಂದಿನಿಂದ ಹಾಜ್ ಕೂಗುತ್ತಿದ್ದರು, "ಮಗಳೇ, ನೀರು! ಮಗಳೇ!"

ತಿರುಗಿ ನೋಡಲಿಲ್ಲ. ಮನೆ ತಲುಪಿದ ಮೇಲೂ ಬಾಯಾರಿಕೆ ಹೋಗಿಲ್ಲ.

ನಿಮ್ಮಿಂದ ಕ್ಷಮೆ ಕೇಳಲು ಬಂದವಳಲ್ಲ ನಾನು. ಅವರ ಕಾಲ ಬಳಿ ಒಂದು ಗಳಿಗೆ ಕೂರಬೇಕು ಅಷ್ಟೇ. ಅವರಿಗೆ ಸುಳ್ಳು ಹೇಳದೆ ಕೂರಬೇಕು. ಶುಕ್ರವಾರದ ನಮಾಜು ಮುಗಿದ ಮೇಲೆ ಮತ್ತೆ ಬರುತ್ತೇನೆ. ಬಾಗಿಲು ಹಾಕಿದ್ದರೆ ಹಾಗೇ ವಾಪಸು ಹೋಗುತ್ತೇನೆ, ತಟ್ಟುವುದಿಲ್ಲ. ತೆರೆದಿದ್ದರೆ ಅವರು ಅದೇ ಕುರ್ಚಿಯಲ್ಲಿ ಇರುತ್ತಾರೆ, ಅದೇ ಮಾತು ಕೇಳುತ್ತಾರೆ.

ಹನಾದಿ

ಈ ಸಲ ಉತ್ತರ ಬೇಕು, ಒಂದೇ ಸಾಲು ಸಾಕು: ಯಾರ ಮನೆಯವಳು ಅಂತ ಹೇಳಲಿ, ಅಕ್ಕಾ?